ಶೂ ದೇವರ ಕೈ ಸೋತರೆ

೨೦೦೬ರ ಫೆಬ್ರವರಿ. ಸ್ಯಾನ್ ಡಿಯಾಗೋದ ಒಂದು ಸಂಚಾರಿ ತಾರಾಲಯದಲ್ಲಿ ನಾನು ಪ್ರೆಸೆಂಟರ್. ತಾರಾಲಯವೆಂದರೆ ವ್ಯಾನಿನಲ್ಲಿ ಮಡಚಿಟ್ಟುಕೊಂಡು ಹೋಗುವ, ಹದಿನಾರು ಅಡಿ ಅಗಲದ ಬಟ್ಟೆಯ ಗುಮ್ಮಟ. ಹೊರಗಿನ ಫ್ಯಾನ್ ಗಾಳಿ ಊದುತ್ತಿರುವಷ್ಟು ಹೊತ್ತು ಮಾತ್ರ ನಿಂತಿರುತ್ತದೆ. ಒಳಹೋಗಲು ತೆವಳಬೇಕಾದ ಒಂದು ಸುರಂಗ, ಹೊರಬರಲೂ ಅದೇ. ಕಾಲೇಜಿನ ಡಿಬೇಟ್ ತಂಡದಲ್ಲಿ ಪಳಗಿದ ನನಗೆ ಪುರಾಣ ಹೇಳುವುದಕ್ಕಿಂತ ಅದನ್ನು ಕೆಡವುವುದೇ ಇಷ್ಟ.

ಆ ಶನಿವಾರ ಡೈಮಂಡ್ ಬಾರ್ ಎಂಬ ಊರಿನ ಬಾಡಿಗೆ ಹಾಲ್‌ನಲ್ಲಿ, ಕನ್ನಡ ಕ್ಲಾಸಿನ ಇಪ್ಪತ್ತೆರಡು ಮಕ್ಕಳಿಗೆ ಶೋ. ಈಜಿಪ್ಟಿನವರ ಆಕಾಶದೇವತೆ ನೂಟ್ ನಡುವಿನ ಪ್ರೊಜೆಕ್ಟರಿನಿಂದ ಗುಮ್ಮಟದ ತುಂಬ ಮೂಡಿದಳು: ಭೂಮಿಯ ಮೇಲೆ ಕಮಾನಿನಂತೆ ಬಾಗಿದ ಹೆಣ್ಣು, ಮೈತುಂಬ ನಕ್ಷತ್ರ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಿಗ್ಗೆ ಹೆರುತ್ತಾಳೆ. ಅವಳು ಕೆಳಗೆ ಬೀಳದಂತೆ ಗಾಳಿಯ ದೇವರು ಶೂ ಎರಡೂ ಕೈಯಿಂದ ಎತ್ತಿ ಹಿಡಿದಿದ್ದಾನೆ.

ಮೈಸೂರಿನ ಕಡೆಯವರ ಮಗಳು, ಏಳು ವರ್ಷದ ಜೋಯಾ ಕೇಳಿದಳು: "ವಾಟ್ ಇಫ್ ಹೀ ಗೆಟ್ಸ್ ಟಯರ್ಡ್?"

"ಶೂ ಅನ್ನೋನೇ ಇಲ್ಲ ಪುಟ್ಟಿ. ಆಕಾಶನ ಯಾರೂ ಹಿಡ್ಕೊಂಡಿಲ್ಲ."

ವಾದ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಫ್ಯಾನಿನ ಸದ್ದು ನಿಂತಿತು.

ನೂಟ್ ಇಳಿಯತೊಡಗಿದಳು. ಮೊದಲು ಹೊಟ್ಟೆ ಜೋತುಬಿತ್ತು, ನಕ್ಷತ್ರಗಳು ಹತ್ತಿರ ಬಂದವು.

"ಹೀ ಗಾಟ್ ಟಯರ್ಡ್!" ಜೋಯಾ ಕಿರುಚಿದಳು. ಎಲ್ಲರೂ ಒಟ್ಟಿಗೆ ಸುರಂಗಕ್ಕೆ ನುಗ್ಗಿದರು.

"ಇದು ಬರೀ ಬಟ್ಟೆ ಕಣ್ರೋ! ಫ್ಯಾನ್ ನಿಂತಿದೆ ಅಷ್ಟೇ!" ಅಪ್ಪಟ ಸತ್ಯ. ಕೇಳುವವರಿರಲಿಲ್ಲ. ಸುರಂಗದ ಬಾಯಲ್ಲಿ ಬಿದ್ದ ಮಕ್ಕಳ ರಾಶಿಯ ಅಡಿಯಿಂದ ಯಾರೋ "ಐ ಕಾಂಟ್ ಬ್ರೀದ್" ಅಂದರು.

ಪ್ರೊಜೆಕ್ಟರಿನ ಲ್ಯಾಂಪ್ ಬೆರಳು ಸುಡುವಷ್ಟು ಬಿಸಿ. ಬಟ್ಟೆ ತಗುಲಿದರೆ ಹೊತ್ತಿಕೊಳ್ಳಬಹುದು. ಆರಿಸಿದರೆ ಕತ್ತಲೆಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ತುಳಿಯುತ್ತಾರೆ. ಪ್ರೊಜೆಕ್ಟರಿನ ಎರಡೂ ಬದಿಗೆ ಕಾಲಿಟ್ಟು ನಿಂತು, ಕೈಯೆತ್ತಿ ಬಟ್ಟೆಯನ್ನು ತಡೆದೆ.

"ಇಲ್ಲಿ ನೋಡಿ! ನಾನೇ ಶೂ! ಹಿಡ್ಕೊಂಡಿದೀನಿ, ಬೀಳಲ್ಲ. ಒಬ್ಬೊಬ್ರೇ ಹೋಗಿ!"

ತಿರುಗಿ ನೋಡಿದರು. ನುಗ್ಗಾಟ ನಿಂತಿತು. ಅಡಿಯಲ್ಲಿದ್ದ ಹುಡುಗಿ ಕೆಮ್ಮುತ್ತ ಎದ್ದು ತೆವಳಿದಳು. ನಾನು ಎಣಿಸಿದೆ. ಹದಿನೈದಕ್ಕೆ ತೋಳು ನಡುಗತೊಡಗಿತು. ಕೊನೆಗೆ ಉಳಿದವಳು ಜೋಯಾ.

"ಆರ್ ಯೂ ಟಯರ್ಡ್?"

"ಇಲ್ಲಮ್ಮ, ಹೋಗು," ಎಂದು ಸುಳ್ಳು ಹೇಳಿದೆ.

ಅವಳು ಹೊರಬಿದ್ದ ಮೇಲೆ ಲ್ಯಾಂಪ್ ಆರಿಸಿದೆ. ಬಟ್ಟೆ ಮುಖಕ್ಕೆ ಅಂಟಿಕೊಂಡಿತು. ಸುರಂಗದ ಬಾಯಿ ಕೈಗೆ ಸಿಗುವವರೆಗೆ ಇದು ಬರೀ ಬಟ್ಟೆ ಎಂದು ನಾನೂ ನಂಬಲಿಲ್ಲ.

ಹೊರಗೆ ಫ್ಯಾನಿನ ಪ್ಲಗ್ ಇದ್ದಲ್ಲಿ ರೈಸ್ ಕುಕರಿನ ಪ್ಲಗ್ ಇತ್ತು. ಪಕ್ಕದಲ್ಲಿ ಮಕ್ಕಳಿಗೆ ಊಟ ತಂದಿದ್ದ ಧಾರವಾಡದ ಆಂಟಿ, ಮುಖ ಬಿಳುಚಿಕೊಂಡಿತ್ತು. "ತಂಗಿ, ಇಷ್ಟ ಥಂಡಿ ಐತಿ, ಫ್ಯಾನ್ ಯಾಕ ಅಂತ ನಾನ ತಗದೆ. ಬಿಸಿಬ್ಯಾಳಿಬಾತ್ ಆರಾಕತ್ತಿತ್ತು."

ಬೈಯುವುದಾದರೆ ನನ್ನನ್ನೇ ಬೈದುಕೊಳ್ಳಬೇಕಿತ್ತು. ಆ ಫ್ಯಾನ್ ಏನು ಮಾಡುತ್ತದೆಂದು ನಾನು ಯಾರಿಗೂ ಹೇಳಿರಲೇ ಇಲ್ಲ.

ಈಗ ಪ್ರತಿ ಶೋಗೆ ಮೊದಲು ಎಲ್ಲರಿಗೂ ಫ್ಯಾನ್ ತೋರಿಸಿ, ಪ್ಲಗ್ ಕಾಯಲು ಒಬ್ಬರನ್ನು ಕೂರಿಸುತ್ತೇನೆ. ಶೂ ಇಲ್ಲವೆಂದು ಇಂದಿಗೂ ವಾದಿಸಬಲ್ಲೆ. ಆದರೆ ತಲೆಯ ಮೇಲಿನದನ್ನು ಎತ್ತಿ ಹಿಡಿದಿರುವುದು ಏನೆಂದು ತೋರಿಸುವ ಮೊದಲು, ಯಾರೂ ಹಿಡಿದಿಲ್ಲವೆಂದು ಯಾವ ಮಗುವಿಗೂ ಹೇಳುವುದಿಲ್ಲ.