ಹಳೇ ಸ್ವಿಚ್ಚೋ, ಹೊಸಾ ಸ್ವಿಚ್ಚೋ: ನಮ್ಮಿಬ್ಬರ ಪಂಚಾಯ್ತಿ

ಸ್ವಿಚ್ ಮತ್ತೆ ಹ್ಯಾಂಗ್ ಆಯಿತು. ಅದೂ ಡಿಗ್ರಿ ರಿಸಲ್ಟ್ ಬಿಡುವ ಹೊತ್ತಿಗೆ ಸರಿಯಾಗಿ.

ಗೋಡೆಯ ಮೇಲೆ ದೀಪ ಹಚ್ಚುವ ಸ್ವಿಚ್ ಅಲ್ಲ. ಚಿಕ್ಕೋಡಿಯಲ್ಲಿ ನಾನೂ ನಮ್ಮ ಮನೆಯವರೂ, ಗಂಡ ಹೆಂಡತಿ ಇಬ್ಬರೇ ಸೇರಿ ಒಂದು ಸಣ್ಣ ಇಂಟರ್ನೆಟ್ ಕಂಪನಿ ನಡೆಸುತ್ತೇವೆ. ಅಂಕಲಿ, ಅಕ್ಕೋಳದ ಕಡೆಯ ಫೈಬರ್ ಲೈನುಗಳೆಲ್ಲ ಬಂದು ಸೇರುವ ಕಬ್ಬಿಣದ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. ಅದು ನಿಂತರೆ ಎಲ್ಲರ ಮನೆಯ ನೆಟ್ ನಿಂತಂತೆ.

ಕಂಬ ಹತ್ತುವುದು, ಗಿರಾಕಿಗಳನ್ನು ಸಮಾಧಾನ ಮಾಡುವುದು ಅವರ ಕೆಲಸ. ಮಷಿನ್ ಮುಂದೆ ಕೂತು ಕಮಾಂಡ್ ಹೊಡೆಯುವುದು ನನ್ನದು.

ನಮ್ಮ ಸ್ವಿಚ್ ಯಾವುದೋ ದೊಡ್ಡ ಡೇಟಾ ಸೆಂಟರ್‌ನಲ್ಲಿ ದುಡಿದು, ರಿಟೈರ್ ಆಗಿ, ಕೊಲ್ಹಾಪುರದ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯ ಕೈ ಸೇರಿ, ಕೊನೆಗೆ ನಮ್ಮಲ್ಲಿ ಬಂದು ಮತ್ತೆ ನೌಕರಿಗೆ ನಿಂತಿತ್ತು. ಈಗ ಅದಕ್ಕೂ ಸಾಕಾಗಿತ್ತು. ಅದನ್ನು ಬದಲಿಸಬೇಕು ಎಂಬುದಕ್ಕೆ ನಮ್ಮಲ್ಲಿ ತಕರಾರಿರಲಿಲ್ಲ.

ತಕರಾರು ಇದ್ದದ್ದು ಯಾವುದನ್ನು ತರಬೇಕು ಎಂಬುದಕ್ಕೆ...

ನನಗೆ ಅದೇ ಹಳೇ ಮಾಡೆಲ್ ಇನ್ನೊಂದು ಬೇಕಿತ್ತು. ಕಮಾಂಡುಗಳೆಲ್ಲ ಬಾಯಿಪಾಠ, ಬಿಡಿಭಾಗಗಳು ಮನೆಯಲ್ಲೇ ಇವೆ, ಮತ್ತೇನು ಬೇಕು?

ಅವರಿಗೆ ಹೊಸ ಮಾಡೆಲ್ ಬೇಕಿತ್ತು. ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಅದರ ಫೋಟೋ ದೊಡ್ಡದು ಮಾಡಿ ತೋರಿಸುತ್ತಿದ್ದರು. ಕರೆಂಟ್ ಕಡಿಮೆ ತಿನ್ನುತ್ತದಂತೆ, ವೇಗ ಜಾಸ್ತಿಯಂತೆ, ಮುಂದೆ ನೀಲಿ ದೀಪಗಳಂತೆ. ಸ್ವಿಚ್ ಇಡುವ ರ್‍ಯಾಕಿನ ಬಾಗಿಲು ಹಾಕಿದ ಮೇಲೆ ಆ ದೀಪ ನೋಡುವವರು ಯಾರು ಎಂದು ಕೇಳಿದೆ. ಬಾಗಿಲು ತೆಗೆದಿಟ್ಟರಾಯಿತು ಅಂದರು.

ಕೊನೆಗೆ ಇಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದೆವು. ನಿಪ್ಪಾಣಿ ದಾಟುವತನಕ ವಾದ, ಆಮೇಲೆ ಅವರಿಗೆ ನಿದ್ದೆ.

ವ್ಯಾಪಾರಿಯ ಹತ್ತಿರ ಎರಡೂ ಇದ್ದವು. ಪಾಪ, ನಮ್ಮಿಬ್ಬರ ಕನ್ನಡದ ಜಗಳ ಮುಗಿಯುವತನಕ ಅವನು ಸುಮ್ಮನೆ ಚಹಾ ತರಿಸಿ ಕೂತ. ಆಮೇಲೆ ನನ್ನ ಮಾತಿನಂತೆ ಹಳೇ ಮಾಡೆಲ್ ಆನ್ ಮಾಡಿ ತೋರಿಸಿದ. ಒಂದೂ ಕೊರತೆಯಿಲ್ಲದೆ ನಡೆಯಿತು. ನಾನು ಗೆದ್ದವಳಂತೆ ಅವರ ಮುಖ ನೋಡಿದೆ.

ಅವರು ಕೇಳಿದ್ದು ಒಂದೇ ಮಾತು. ಈ ಮಾಡೆಲ್‌ಗೆ ಕಂಪನಿಯವರು ಸಪೋರ್ಟ್ ನಿಲ್ಲಿಸಿದ್ದಾರೆ, ನಾಳೆ ಇದೂ ಕೈಕೊಟ್ಟರೆ ಯಾರನ್ನು ಕೇಳುವುದು?

"ನಾ ಅದೀನಲ್ರಿ, ನನ್ನ ಕೇಳ್ರಿ," ಅಂದೆ.

"ನೀ ಡೆಂಗೂ ಆಗಿ ಮಲಗಿದ್ದಿ ನೋಡು, ಅವತ್ತೂ ನಮ್ಮ ಸ್ವಿಚ್ ಬಂದ್ ಬಿದ್ದಿತ್ತು. ನಿನ್ನ ಎಬ್ಬಸಾಕ ಮನಸ್ಸ ಬರಲಿಲ್ಲ. ದಿನಪೂರ್ತಿ ಮಂದಿ ಕಡೆ ಬೈಸಿಕೊಂಡ ಕುಂತಿದ್ದೆ."

ನನಗೆ ಇದು ಗೊತ್ತೇ ಇರಲಿಲ್ಲ. ಆ ದಿನ ಇವರು ಹಣೆಗೆ ಒದ್ದೆ ಬಟ್ಟೆ ಹಾಕಿ, ನನ್ನ ಫೋನ್ ಸೈಲೆಂಟ್ ಮಾಡಿ ಹೋಗಿದ್ದು ಮಾತ್ರ ನೆನಪಿತ್ತು.

ಹೊಸದನ್ನೇ ಪ್ಯಾಕ್ ಮಾಡು ಎಂದು ನಾನೇ ವ್ಯಾಪಾರಿಗೆ ಹೇಳಿದೆ. ಆದರೆ ನೀಲಿ ದೀಪಕ್ಕಾಗಿ ಅಲ್ಲ ಎಂಬುದನ್ನು ಇವರಿಗೆ ಸ್ಪಷ್ಟ ಮಾಡಿದೆ.

ಭಾನುವಾರ ಬೆಳಿಗ್ಗೆ, ಸ್ವಲ್ಪ ಹೊತ್ತು ನೆಟ್ ಇರುವುದಿಲ್ಲ ಎಂದು ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಲಸ ಶುರು ಮಾಡಿದೆವು.

ಆನ್ ಮಾಡುತ್ತಲೇ ಅದರ ಫ್ಯಾನುಗಳು ಊಳಿಟ್ಟವು ನೋಡಿ! ಹೊಸದು ಗಪ್‌ಚುಪ್ ಇರುತ್ತದೆ ಎಂದು ಇವರು ವಾರಗಟ್ಟಲೆ ಭಾಷಣ ಮಾಡಿದ್ದರು. ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುವ ಶಮೀಮ್ ಚಾಚಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು.

"ಏನ್ ಬೇಟಿ, ಒಳಗ ಗಿರಣಿ ಹಾಕೀರೇನ?"

ನಮ್ಮವರು ಫೋನ್ ಹಿಡಿದು ಹೊರಗೆ ಹೋದರು. ಪೂರ್ತಿ ಚಾಲೂ ಆದ ಮೇಲೆ ಫ್ಯಾನುಗಳು ತಣ್ಣಗಾದವು, ಚಾಚಿಯೂ ತಣ್ಣಗಾದರು.

ಆದರೆ ಲೈನ್ ಬರಲಿಲ್ಲ.

ಬೆಳಗಾವಿಯಿಂದ ಬರುವ ನಮ್ಮ ಮುಖ್ಯ ಲೈನಿನ ವೇಗ ಕಡಿಮೆ, ಸ್ವಿಚ್ಚಿನದು ಜಾಸ್ತಿ. ಎರಡೂ ಹೊಂದಬೇಕು. ಆ ಲೈನ್ ಸಿಕ್ಕಿಸುವ ಪೋರ್ಟಿನ ವೇಗ ಇಳಿಸಿದೆ. ಆಗಲಿಲ್ಲ. ಕೇಬಲ್ ಬದಲಿಸಿದೆ. ಆಗಲಿಲ್ಲ. ಗ್ರೂಪಿನಲ್ಲಿ "ನೆಟ್ ಯಾವಾಗ್ರಿ" ಎಂಬ ಮೆಸೇಜುಗಳು ಸಾಲುಗಟ್ಟಿದವು. ಬಾಯಿಪಾಠ ಮಾಡಿದ ಒಂದು ಕಮಾಂಡೂ ಇಲ್ಲಿ ನಡೆಯುತ್ತಿಲ್ಲ...

ಇವರು ಒಳಗೆ ಬಂದು ನನ್ನ ಪಕ್ಕ ಕೂತು, ಮೊಬೈಲಿನಲ್ಲಿ ಮ್ಯಾನುವಲ್ ತೆಗೆದು, ಶಾಲೆಯ ಹುಡುಗನಂತೆ ಒಂದೊಂದೇ ಸಾಲು ಜೋರಾಗಿ ಓದತೊಡಗಿದರು. ಇಂಗ್ಲಿಷಿಗೆ ಎಷ್ಟು ನೋವಾಯಿತೋ ದೇವರಿಗೇ ಗೊತ್ತು. ಆದರೆ ನಾನು ಅವಸರದಲ್ಲಿ ಹಾರಿಸಿದ್ದ ಸಾಲು ಆ ಓದಿನಲ್ಲಿ ಸಿಕ್ಕಿತು. ಈ ಮಾಡೆಲ್‌ನಲ್ಲಿ ನಾಲ್ಕು ಪೋರ್ಟುಗಳದ್ದು ಒಂದೇ ಗುಂಪು, ಒಂದರ ವೇಗ ಇಳಿಸಬೇಕೆಂದರೆ ನಾಲ್ಕನ್ನೂ ಇಳಿಸಬೇಕು.

ನಾಲ್ಕನ್ನೂ ಇಳಿಸಿದೆ. ಲೈನ್ ಬಂತು.

ಅಂದಹಾಗೆ, ದೀಪಗಳು ಹಸಿರು, ನೀಲಿಯಲ್ಲ. ನಾನು ಅವರ ಮುಖ ನೋಡಿ ನಕ್ಕೆ.

ಅಂದಿನಿಂದ ಹ್ಯಾಂಗ್ ಇಲ್ಲ. ಈಗ ಇವರೇ ಮೊದಲು ಲಾಗಿನ್ ಆಗುತ್ತಾರೆ, ತಪ್ಪಾದರೆ ನನ್ನ ಕಡೆ ನೋಡುತ್ತಾರೆ.

ಹೊಸದು ಹಾಕಿದ ಮರುದಿನವೇ ಅಂಕಲಿಯ ಮಾಸ್ತರರೊಬ್ಬರ ಫೋನ್. ಹೊಸ ಮಷಿನ್ ಹಾಕಿದೆವು ಅಂತೀರಿ, ನಮ್ಮ ಮನೆಯಲ್ಲಿ ನೆಟ್ ತೆವಳುತ್ತಿದೆ ಎಂದು ದೂರು. ಇವರು ಗಾಬರಿಯಾಗಿ ಗಾಡಿ ಹತ್ತಿ ಹೋದರು. ನಾನು ಇಲ್ಲಿ ಎಲ್ಲ ಪೋರ್ಟ್ ಮತ್ತೆ ಮತ್ತೆ ಚೆಕ್ ಮಾಡುತ್ತಿದ್ದೆ, ಎಲ್ಲವೂ ಸರಿಯಿತ್ತು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಫೋಟೋ ಬಂತು. ಧೂಳು ಕೂರಬಾರದೆಂದು ಮಾಸ್ತರರು ವೈಫೈ ರೂಟರನ್ನು ಕಬ್ಬಿಣದ ಗೋದ್ರೇಜ್ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದ್ದರು!

ನಿಜ ಹೇಳಿ, ನಿಮ್ಮ ಮನೆಯ ರೂಟರ್ ಈಗ ಎಲ್ಲಿದೆ?