ಗೋಪುರ ಏಳುವ ಮೊದಲಿನ ಕೋಟೆ

ತೊಂಬತ್ತರ ದಶಕದಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ, ದೋಹಾದ ಅಲ್ ಹಿಲಾಲ್‌ನ ನಮ್ಮ ಫ್ಲಾಟಿಗೆ ಶುಕ್ರವಾರ ಮಧ್ಯಾಹ್ನ ಪಪ್ಪನ ಆಫೀಸಿನ ಜಪಾನಿ ಇಂಜಿನಿಯರ್ ಊಟಕ್ಕೆ ಬರುತ್ತಿದ್ದರು. ಕಂಪೆನಿ ಕ್ಯಾಂಪಿನಲ್ಲಿ ಒಬ್ಬರೇ ಇದ್ದವರು. ಅಮ್ಮನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಅವರಿಗೆ ಒಗ್ಗಿತ್ತು. ಕೈ ತೊಳೆದು ಕೂತರೆಂದರೆ ತಮ್ಮೂರಿನ ಕೋಟೆಯ ಮಾತು.

ಕೋಟೆಯೆಂದರೆ ಅಲ್ಲಿ ಏನೂ ಇರಲಿಲ್ಲ. ನಡುವೆ ಇದ್ದ ಮರದ ಎತ್ತರದ ಗೋಪುರ ಹಿಂದೆಂದೋ ಸಿಡಿಲಿಗೆ ಸುಟ್ಟುಹೋಗಿತ್ತು. ದೊರೆಗಳ ಕಾಲ ಮುಗಿದ ಮೇಲೆ ಉಳಿದ ಮರಮುಟ್ಟನ್ನು ಸರ್ಕಾರವೇ ಹರಾಜು ಹಾಕಿತು. ಕಲ್ಲು ಯಾರಿಗೂ ಬೇಕಾಗಲಿಲ್ಲ, ಗುಡ್ಡದ ಮೇಲೆ ಗೋಡೆಗಳಷ್ಟೇ ನಿಂತವು. ಚೆರ್ರಿ ಹೂಬಿಟ್ಟಾಗ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಗೋಪುರವಿದ್ದ ಬಯಲಿನಲ್ಲಿ ಚಾಪೆ ಹಾಸಿ, ಕೆಳಗಿನ ನದಿ ನೋಡುತ್ತ ಕೂರುತ್ತಾರಂತೆ. ಇಷ್ಟಕ್ಕೆ ಯಾರಾದರೂ ರೈಲು ಹತ್ತಿ ಬರುತ್ತಾರೆಯೇ ಎಂದು ಕೇಳಿದೆ. ಬರುತ್ತಾರೆ ಎಂದರು.

ಒಂದು ಶುಕ್ರವಾರ ಅವರು ಸಪ್ಪಗಿದ್ದರು. ಅಲ್ಲಿ ಕಾಂಕ್ರೀಟಿನ ಹೊಸ ಗೋಪುರ ಕಟ್ಟುತ್ತಾರಂತೆ, ಊರವರ ಅಭಿಪ್ರಾಯ ಕೇಳಿದ್ದಾರಂತೆ. ನಾನು ಬೇಡವೆಂದು ಹೇಳಬೇಕು, ಅದಕ್ಕೆ ಮೊದಲು ಕಟ್ಟುವವರ ಪರ ನೀನು ವಾದಿಸಿ ನೋಡು ಎಂದರು. ಶಾಲೆಯ ಡಿಬೇಟಿನಲ್ಲಿ ಯಾವ ಪಕ್ಷ ಕೊಟ್ಟರೂ ನಿಭಾಯಿಸುವವಳು ನಾನು. ಅಂಗಡಿಗಳಿಗೆ ವ್ಯಾಪಾರವಾಗುತ್ತದೆ, ಹೂವಿಲ್ಲದ ಕಾಲದಲ್ಲೂ ಪ್ರವಾಸಿಗರು ಬರುತ್ತಾರೆ, ಕೋಟೆ ಹೇಗಿತ್ತೆಂದು ಮಕ್ಕಳು ಕಣ್ಣಾರೆ ನೋಡುತ್ತಾರೆ ಎಂದೆ. ಮೊದಲು ಅಲ್ಲಿದ್ದದ್ದು ಗೋಪುರವೇ ತಾನೆ, ಬಯಲಿಗೆ ಯಾವ ಹಕ್ಕು?



"ಅಲ್ಲಿ ನಾನು ನನ್ನ ಅಮ್ಮನ ಜೊತೆ ಕೂತಿರುತ್ತಿದ್ದೆ," ಎಂದರು, ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಇದು ವಾದ ಆಗುವುದಿಲ್ಲ, ಅಲ್ಲವೆ?"

"ಆಗುವುದಿಲ್ಲ, ಸರ್."

ಅವರು ಹೊರಟ ಮೇಲೆ ಪಪ್ಪ, "ಅಲ್ಲ ಮಾರಾಯ್ತಿ, ಊಟಕ್ಕೆ ಬಂದವರನ್ನು ಸೋಲಿಸಿ ಕಳಿಸುದಾ?" ಎಂದರು. ಕೇಳಿದ್ದು ಅವರೇ ಎಂದೆ.

ಎರಡು ರಜೆಗಳ ನಂತರ ಅವರು ಊರಿನಿಂದ ಬಂದು ಸುದ್ದಿ ಹೇಳಿದರು. ಗೋಪುರ ಎದ್ದಿದೆ, ಟಿಕೆಟ್ ಕೊಂಡು ಹತ್ತಿದೆ, ಮೇಲಿಂದ ನದಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ, ಅಂಗಡಿಗಳೂ ತುಂಬಿವೆ. ನೀನು ಹೇಳಿದ್ದೆಲ್ಲ ಸರಿಯಾಯಿತು ಎಂದು ನಕ್ಕು, ಆಮೇಲೆ, "ಕೂರಲು ಮಾತ್ರ ಜಾಗವಿಲ್ಲ," ಎಂದರು. ಆ ವರ್ಷವೇ ಪ್ರಾಜೆಕ್ಟ್ ಮುಗಿದು ಅವರು ದೋಹಾ ಬಿಟ್ಟರು.

ಅಂದಿನ ವಾದದಲ್ಲಿ ಒಂದಂಶವನ್ನೂ ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಬೇಕಾದರೆ ಇನ್ನೊಮ್ಮೆ ಗೆಲ್ಲುತ್ತೇನೆ. ಆದರೂ ಮಾರ್ಚ್ ತಿಂಗಳಲ್ಲಿ, ಸೆಕೆ ಇನ್ನೂ ಶುರುವಾಗದ ಸಂಜೆಗಳಲ್ಲಿ, ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸಿದಾಗ ನನಗೆ ಹೋಗಬೇಕಾಗಿರುವುದು ಆ ಬಯಲಿಗೆ. ನಾನೆಂದೂ ನೋಡಿರದ, ಈಗ ಯಾವ ರೈಲು ಹತ್ತಿದರೂ ಸಿಗದ ಜಾಗಕ್ಕೆ.