ಅಂಗಡಿಯ ಗುಂಡು

ಶನಿವಾರ ಬೆಳಿಗ್ಗೆ ಮಗಳಿಗೆ ಈಜಿನ ಕ್ಲಾಸು. ನಮ್ಮ ಶೂಟಿಂಗ್ ಕ್ಲಬ್ಬೂ ಶನಿವಾರ ಬೆಳಿಗ್ಗೆಯೇ. ಒಂದು ವಾರ ನನ್ನ ಗಂಡ, ಒಂದು ವಾರ ನಾನು ಎಂದು ಹಂಚಿಕೊಂಡಿದ್ದೆವು. ಸಿಡ್ನಿಯ ಗಿರಾವೀನ್‌ನ ನಮ್ಮ ಮನೆಯಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆದಿತ್ತು, ನನ್ನ ಸ್ಕೋರು ಅವರದನ್ನು ದಾಟುವವರೆಗೆ.

ನಿಂತಲ್ಲೇ ನಿಂತು ಗುರಿ ಹಿಡಿಯುವ ಆಟವಲ್ಲ ಇದು. ಬೀಪ್ ಆದ ಕೂಡಲೇ ಸೊಂಟದ ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆದು, ಹಲಗೆಯ ಮರೆಗಳ ನಡುವೆ ಓಡುತ್ತ, ರಟ್ಟಿನ ಗುರಿಗಳಿಗೆ ಹೊಡೆಯಬೇಕು. ಗುರಿಯೂ ತಪ್ಪಬಾರದು, ಹೊತ್ತೂ ಹಿಡಿಯಬಾರದು. ಗಂಡನಿಗೆ ಜೊತೆಯಾಗಲೆಂದು ಹೋದವಳಿಗೆ ಅದು ಕೈಗೆ ಹತ್ತಿಬಿಟ್ಟಿತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಸೂಜಿ ಅಲುಗಿದರೆ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಾರಿಸುತ್ತಿದ್ದರು. ನನ್ನ ಕೈ ನಡುಗದಿರುವುದಕ್ಕೆ ಬೇರೆ ಕಾರಣ ನನಗೆ ಗೊತ್ತಿಲ್ಲ.

ಪಿಸ್ತೂಲನ್ನು ಅಣಿಗೊಳಿಸುವ ಕೆಲಸದಲ್ಲಿ ಸಣ್ಣಪುಟ್ಟದ್ದೆಲ್ಲ ನನ್ನದು. ಹಿಡಿಗೆ ಸುತ್ತುವ ಉಪ್ಪುಕಾಗದದಂಥ ಟೇಪನ್ನು ನನ್ನ ಅಂಗೈ ಅಳತೆಗೆ ಕತ್ತರಿಸುತ್ತಿದ್ದೆ. ಗುಂಡು ತುಂಬಿದ ಮ್ಯಾಗಜೀನ್‌ಗಳನ್ನಿಡುವ ಬೆಲ್ಟಿನ ಮೇಲಿನ ಚೀಲಗಳನ್ನು ಬೆರಳಿಗೆ ತಾನಾಗಿ ಸಿಗುವಷ್ಟು ಓರೆ ಮಾಡುತ್ತಿದ್ದೆ. ಸ್ಪ್ರಿಂಗು, ಟ್ರಿಗರ್ ಮಾತ್ರ ಅವರದು. ಗ್ಯಾರೇಜಿನಲ್ಲಿ ಕೂತು ಬಿಚ್ಚಿ, ಉಜ್ಜಿ, ಎಣ್ಣೆ ಬಿಟ್ಟು ಜೋಡಿಸುತ್ತಿದ್ದರು. ಅವರ ಟ್ರಿಗರ್ ಬೆಣ್ಣೆಯ ಹಾಗಿದೆ ಎಂದು ಕ್ಲಬ್ಬಿನಲ್ಲಿ ಹೆಸರಾಗಿತ್ತು. ತಮ್ಮದನ್ನೂ ಹಾಗೆ ಮಾಡಿಕೊಡಿ ಎಂದು ಕೇಳುವವರು ಹೆಚ್ಚುತ್ತಿದ್ದರು.

ಮೆಲ್ಬರ್ನ್ ಮ್ಯಾಚಿಗೆ ಮುಂಚೆ ಪಕ್ಕದ ಬಡಾವಣೆ ಪೆಂಡಲ್ ಹಿಲ್‌ನ ಅವರ ಗೆಳೆಯ ನಮ್ಮಲ್ಲಿ ಊಟಕ್ಕೆ ಬಂದಿದ್ದ. ಕ್ಲಬ್ಬಿಗೆ ಹೊಸಬ, ಬೆಂಗಳೂರಿನವನು.

"ಏನ್ ಗುರು, ಈಗೀಗ ಅತ್ತಿಗೆಯವರೇ ಮುಂದಂತೆ?" ಎಂದ.

ಇವರು ಅನ್ನ ಕಲಸುತ್ತ ನಕ್ಕರು. "ಒಂದ್ ಮನೆಗೆ ಒಬ್ರು ಶೂಟರ್ ಸಾಕಪ್ಪ. ಮಗೂನ ಪ್ರತಿ ಶನಿವಾರ ಒಬ್ರೇ ಕರ್ಕೊಂಡ್ ಹೋಗ್ಲಿ, ಅದಕ್ಕೂ ಕನ್‌ಫ್ಯೂಶನ್ ಬೇಡ. ಮೆಲ್ಬರ್ನ್‌ನಲ್ಲಿ ಯಾರ ಸ್ಕೋರ್ ಜಾಸ್ತಿನೋ ಅವರು ಮುಂದುವರ್ಸೋದು. ಇನ್ನೊಬ್ರ ಪಿಸ್ತೂಲ್ ಸೇಲ್. ಏನಂತೀಯ?"

ಗೆಳೆಯ ಮೇಜು ಕುಟ್ಟಿದ. "ಸೂಪರ್! ಅತ್ತಿಗೆ ಸೋತ್ರೆ ಅವರದ್ದು ನನಗೇ."

ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. "ಆಯ್ತು" ಎಂದೆ. ಒಪ್ಪಿಗೆಗಾಗಿ ಯಾರೂ ಕಾಯುತ್ತಿರಲಿಲ್ಲ, ಆದರೂ ಎಂದೆ.

ಅದೇ ವಾರ ಅವರು ನನ್ನ ಪಿಸ್ತೂಲಿನಲ್ಲಿ ಗುಂಡಿನ ತಳಕ್ಕೆ ಪೆಟ್ಟು ಕೊಡುವ ಹ್ಯಾಮರ್‌ನ ಸ್ಪ್ರಿಂಗ್ ಬದಲಿಸಿಕೊಟ್ಟರು. "ಇಷ್ಟ್ ಗಟ್ಟಿ ಟ್ರಿಗರ್ ಇಟ್ಕೊಂಡು ಒದ್ದಾಡ್ತೀಯಲ್ಲ" ಎಂದರು. ನಿಜಕ್ಕೂ ಹಗುರಾಗಿತ್ತು. ಅವರು ಗ್ಯಾರೇಜಿನಲ್ಲಿ ತಾವೇ ಮದ್ದು ತುಂಬಿಸಿ ಮಾಡಿದ ಗುಂಡಿಗೆ ಒಂದೂ ತಪ್ಪದೆ ಹಾರಿತು. ನನಗೆ ಸಂತೋಷವಾಗಿ ಅವತ್ತು ಅವರಿಗಿಷ್ಟದ ಕಾಯಿ ಹೋಳಿಗೆ ಮಾಡಿದೆ.

ವಿಮಾನದಲ್ಲಿ ಒಯ್ಯಬಹುದಾದ ಗುಂಡಿನ ತೂಕಕ್ಕೆ ಮಿತಿಯಿದೆ. "ಮನೇದು ಒಬ್ರಿಗೇ ಆಗೋದು. ನಿಂಗೆ ಅಲ್ಲೇ ಅಂಗಡೀದು ತಗೊಂಡ್ರಾಯ್ತು" ಎಂದರು. ಮಗಳನ್ನು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ನಾದಿನಿಯ ಮನೆಯಲ್ಲಿ ಬಿಟ್ಟು ನಾವು ಮೂವರೂ ಶೂಟಿಂಗ್ ರೇಂಜಿಗೆ ಹೋದೆವು. ಗೆಳೆಯ ಬಂದದ್ದು ನೋಡಲು.

ಬೀಪ್ ಆಯಿತು. ಪಿಸ್ತೂಲಿನ ಮೇಲಿನ ಗುರಿಗಾಜಿನ ಕೆಂಪು ಚುಕ್ಕೆ ರಟ್ಟಿನ ನಡುವೆ ಕೂತಿತು. ಒತ್ತಿದೆ. ಟಿಕ್. ಹಾರದ ಗುಂಡನ್ನು ಹೊರಗೆ ಕಳಿಸಿ ಮತ್ತೆ ಒತ್ತಿದೆ, ಹಾರಿತು. ಮುಂದಿನದು ಮತ್ತೆ ಟಿಕ್. ಗುರಿ ಒಂದೂ ತಪ್ಪಲಿಲ್ಲ, ಹೊತ್ತು ಮಾತ್ರ ಸೋರಿಹೋಯಿತು. ಹಿಂದಿನಿಂದ ಗೆಳೆಯನ ದನಿ: "ಅತ್ತಿಗೆ, ಅಡುಗೆಮನೆ ಗ್ಯಾಸ್ ಲೈಟರ್ ತಂದ್ಬಿಟ್ರಾ?" ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ.

ನೆಲದಲ್ಲಿ ಬಿದ್ದ ಒಂದು ಗುಂಡನ್ನು ಎತ್ತಿಕೊಂಡೆ. ಅದರ ತಳದಲ್ಲಿ ಕಿಡಿ ಹತ್ತಿಸುವ ಪುಟ್ಟ ಬಿಲ್ಲೆಯಿರುತ್ತದೆ, ಪ್ರೈಮರ್. ಅದರ ಮೇಲೆ ಉಗುರಿನಿಂದ ಒತ್ತಿದಷ್ಟೇ ತಗ್ಗು ಬಿದ್ದಿತ್ತು. ಪೆಟ್ಟು ಸಾಲದಾಗಿತ್ತು.

ಊಟದ ಹೊತ್ತಿನಲ್ಲಿ ಅವರಿಗೆ ತೋರಿಸಿದೆ. ಅವರು ಸ್ಯಾಂಡ್‌ವಿಚ್ಚಿನಿಂದ ಈರುಳ್ಳಿಯ ಎಸಳುಗಳನ್ನು ಒಂದೊಂದಾಗಿ ತೆಗೆದು ಬದಿಗಿಡುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತು. ಅಂಗಡೀದರ ಪ್ರೈಮರ್ ಗಟ್ಟಿ. ಈ ಸ್ಪ್ರಿಂಗ್‌ಗೆ ಮೆತ್ತಗಿರೋದೇ ಬೇಕು."

"ಗೊತ್ತಿದ್ದೂ ಹೇಳ್ಲಿಲ್ವಲ್ರೀ?"

"ನೀನು ಕೇಳಿದ್ಯಾ?"

"ಈಗ ಕೇಳ್ತಿದೀನಿ. ನಿಮ್ಮದರಲ್ಲಿ ಒಂದ್ ಬಾಕ್ಸ್ ಕೊಡಿ."

"ನಂಗೇ ಸಾಲಲ್ಲ." ಆಮೇಲೆ, ಬಹಳ ಮೆಲ್ಲಗೆ, ಪ್ರೀತಿಯಿಂದ ಅನ್ನಬೇಕು, "ಬೆಟ್ ಬೆಟ್ಟೇ ಅಲ್ವಾ ಕಣೇ?" ಎಂದರು. ಈರುಳ್ಳಿಯನ್ನು ಕಾಗದದಲ್ಲಿ ಮಡಚಿ, ಬಿಸಾಡಲು ನನ್ನ ಕೈಗೆ ಕೊಟ್ಟರು.

ಸಂಜೆಯವರೆಗೂ ಟಿಕ್ ಟಿಕ್ ಅನ್ನಿಸುತ್ತಲೇ ಆಡಿ ಮುಗಿಸಿದೆ. ಪಟ್ಟಿಯ ಕೆಳಗಿನ ತುದಿಯಲ್ಲಿ ನನ್ನ ಹೆಸರಿತ್ತು.

ಸಿಡ್ನಿಗೆ ಬಂದ ಮೇಲಿನ ಶನಿವಾರ ಗೆಳೆಯ ಪಿಸ್ತೂಲನ್ನು ಕ್ಲಬ್ಬಿನಲ್ಲಿ ಹೊಡೆದು ನೋಡಿದ ಮೇಲೆ ಕೊಳ್ಳುವುದೆಂದಾಯಿತು. ಮಾಲಕಿ ನಾನಾದ್ದರಿಂದ ನಾನೂ ಹೋಗಬೇಕಾಯಿತು. ಮಗಳು ಪಕ್ಕದ ಮನೆಯವರ ಜೊತೆ ಈಜಿಗೆ ಹೋದಳು. ಇವರು ತಮ್ಮ ಮನೆಯ ಗುಂಡುಗಳನ್ನೇ ಮ್ಯಾಗಜೀನಿಗೆ ತುಂಬಿಕೊಟ್ಟರು. ಢಂ, ಢಂ, ಢಂ. ಒಂದೂ ತಡೆಯಲಿಲ್ಲ.

"ಏನ್ ಟ್ರಿಗರ್ ಗುರು ಇದು!" ಎಂದ ಗೆಳೆಯ. ಅಕ್ಕಪಕ್ಕದವರೂ ಬಂದು ನಿಂತರು. ಅವರಲ್ಲಿ ನಾಲ್ಕಾರು ಮಂದಿ ತಮ್ಮ ಪಿಸ್ತೂಲುಗಳನ್ನು ಇವರ ಕೈಗೆ ಕೊಡಲು ಕಾದಿದ್ದವರು.

ಗೆಳೆಯನ ಚೀಲದಲ್ಲಿ ಅವನು ಅಂಗಡಿಯಲ್ಲಿ ಕೊಂಡ ಗುಂಡಿನ ಡಬ್ಬಿಯಿತ್ತು.

"ನೀವು ತಂದಿರೋದನ್ನೂ ಒಂದ್ ಸಲ ಹಾಕಿ ನೋಡಿ" ಎಂದೆ. "ದಿನಾ ಹೊಡೆಯೋದು ಅದೇ ತಾನೆ?"

ಇವರು ನನ್ನತ್ತ ಒಮ್ಮೆ ನೋಡಿ ಗೆಳೆಯನಿಗೆ ಹೇಳಿದರು: "ಬೇಡ ಬಿಡೋ, ಚೆನ್ನಾಗೇ ಹೋಗ್ತಿದೆಯಲ್ಲ."

"ಒಂದ್ ಮ್ಯಾಗಜೀನ್ ಅಷ್ಟೇ ಗುರು."

ಟಿಕ್. ಗೆಳೆಯ ಇನ್ನೊಂದು ಒತ್ತಿದ. ಟಿಕ್. ಗುಂಡನ್ನು ಹೊರತೆಗೆದು ತಳ ತಿರುಗಿಸಿ ನೋಡಿದ. ಪಕ್ಕದವರೂ ಬಗ್ಗಿ ನೋಡಿದರು.

"ಇದು ಮೆಲ್ಬರ್ನ್‌ನಲ್ಲಿ ಆಗಿದ್ದಲ್ವಾ ಅತ್ತಿಗೆ?"

"ಹೌದು. ಇವರ ಗುಂಡಿಗೆ ಮಾತ್ರ ಹಾರುತ್ತೆ ಅಂತ ಇವರಿಗೆ ಮೊದಲೇ ಗೊತ್ತಿತ್ತು. ನನಗೆ ಅಲ್ಲಿ ಗೊತ್ತಾಯ್ತು."

ನನ್ನ ದನಿ ಏರಲಿಲ್ಲ. ಗೆಳೆಯ ಪಿಸ್ತೂಲು ಖಾಲಿ ಮಾಡಿ, ತೋರಿಸಿ, ಬೆಂಚಿನ ಮೇಲಿಟ್ಟ. "ಹೆಂಡ್ತಿಗೇ ಹೀಗ್ ಮಾಡ್ದೋನು ನಂಗೆ ಇನ್ನೇನ್ ಮಾಡ್ತೀಯೋ ಮಾರಾಯ" ಎಂದು ನಕ್ಕ. ಆ ನಗುವಿಗೆ ಸುತ್ತಲೂ ಜೊತೆ ಸಿಕ್ಕಿತು. ಕಾದಿದ್ದವರಲ್ಲಿ ಒಬ್ಬರು ತಮ್ಮ ಪಿಸ್ತೂಲಿನ ಚೀಲ ಮುಚ್ಚಿ ಜಿಪ್ ಎಳೆದುಕೊಂಡರು. ಇನ್ನೊಬ್ಬರೂ ಎಳೆದುಕೊಂಡರು. ಇವರ ಕಿವಿಯ ತುದಿ ಕೆಂಪಾಗುವುದನ್ನು ನೋಡುತ್ತ ನಿಂತೆ. ಮಾತು ಬದಲಿಸಿ ಇವರ ಮಾನ ಉಳಿಸಬಹುದಿತ್ತು. ಮನೆಗೆ ಬಂದವರೆದುರು ಎಷ್ಟೋ ಸಲ ಹಾಗೆ ಉಳಿಸಿದ್ದೇನೆ.

ಕಾರಿನಲ್ಲಿ ಅವರು ಕೇಳಿದ್ದು ಒಂದೇ: "ಖುಷಿ ಆಯ್ತಾ?"

"ಆಯ್ತು" ಎಂದೆ.

ಮುಂದಿನ ಶನಿವಾರ ಅವರು ಕ್ಲಬ್ಬಿಗೆ ಹೊರಡಲಿಲ್ಲ. ಕಾಫಿ ಲೋಟ ಸಿಂಕಿನಲ್ಲಿಟ್ಟು, "ಇವತ್ತು ಮಗೂನ ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು.

"ಟವೆಲು ಬ್ಯಾಗಲ್ಲೇ ಇದೆ" ಎಂದು ಹೇಳಿ, ಪಿಸ್ತೂಲಿನ ಚೀಲ ಬಾಗಿಲ ಬಳಿ ಇಟ್ಟು ನನ್ನ ಶೂ ಲೇಸು ಕಟ್ಟಿಕೊಂಡೆ.